ಜಪಾನಿನ ‘ಗಿರಿ ಚೊಕೊ’ಗೆ ಕನ್ನಡದಲ್ಲಿ ಯಾವ ಪದ?

ತುಂಗಾತೀರ (ನಗೋಯಾ)

ಬಳಗದ ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವಳು; ಒಂಬತ್ತು ವರ್ಷಗಳಿಂದ ನಗೋಯಾದಲ್ಲಿ ಕೆಲಸದಲ್ಲಿದ್ದೇನೆ. ಫೆಬ್ರವರಿ ಹತ್ತಿರವಾದಾಗಲೆಲ್ಲ ಕಾಡುವ ಒಂದು ಪ್ರಶ್ನೆಯನ್ನು ಈ ಬಾರಿ ನಿಮ್ಮೆಲ್ಲರ ಮುಂದಿಡಬೇಕೆನಿಸಿತು.

ಇಲ್ಲಿಗೆ ಬಂದ ಮೊದಲ ವರ್ಷ, ಜನವರಿಯ ಕೊನೆಯ ವಾರದಲ್ಲಿ, ನಮ್ಮ ವಿಭಾಗದ ಹಿರಿಯ ಮಹಿಳೆಯೊಬ್ಬರು ಕಂದು ಬಣ್ಣದ ಲಕೋಟೆಯೊಂದನ್ನು ಹಿಡಿದು ಹೆಂಗಸರ ಮೇಜುಗಳ ಬಳಿ ಮಾತ್ರ ಬಂದರು. ಏಳು ಜನ ಹೆಂಗಸರು, ತಲೆಗೆ 800 ಯೆನ್. ಆ 5,600 ಯೆನ್‌ನಲ್ಲಿ ಹದಿನಾರು ಗಂಡಸರಿಗೆ ಹದಿನಾರು ಚಾಕೊಲೇಟು ಪೊಟ್ಟಣಗಳು ಬಂದವು. ವಿಭಾಗದ ಮುಖ್ಯಸ್ಥರಿಗೂ ಆ ವರ್ಷವಷ್ಟೇ ಸೇರಿದ ಹುಡುಗನಿಗೂ ಒಂದೇ ಬೆಲೆಯದು, ಒಂದೇ ಗಾತ್ರದ್ದು. ಪ್ರೇಮಿಗಳ ದಿನವಾದ ಫೆಬ್ರವರಿ 14ರ ಬೆಳಿಗ್ಗೆ ಅವರು ಪ್ರತಿಯೊಬ್ಬರ ಮೇಜಿಗೂ ಹೋಗಿ, ಎರಡೂ ಕೈಗಳಿಂದ ಪೊಟ್ಟಣವನ್ನು ಮುಂದೆ ಹಿಡಿದು, ತಲೆಬಾಗಿ, ‘ಸದಾ ನಿಮ್ಮ ನೆರವು ಪಡೆಯುತ್ತಿದ್ದೇವೆ’ ಎಂಬರ್ಥದ ಮಾತನ್ನು ಹದಿನಾರು ಸಲ ಹೇಳಿದರು. ಹದಿನಾರನೆಯದನ್ನು ಕೊಡುವಾಗಲೂ ಅವರ ದನಿ ಮೊದಲನೆಯದರಷ್ಟೇ ಮೃದುವಾಗಿತ್ತು. ಸರಿಯಾಗಿ ಒಂದು ತಿಂಗಳಿಗೆ, ಮಾರ್ಚ್ 14ರಂದು, ಗಂಡಸರೆಲ್ಲ ಸೇರಿ ನಮಗೆ ತಲಾ ಒಂದು ಡಬ್ಬಿ ಬಿಸ್ಕತ್ತು ಕೊಟ್ಟರು. ಆ ತಗಡಿನ ಡಬ್ಬಿಯಲ್ಲಿ ಇಂದಿಗೂ ಸಾಸಿವೆ ಹಾಕಿಟ್ಟಿದ್ದೇನೆ.

ಈ ಪೊಟ್ಟಣಗಳಿಗೆ ‘ಗಿರಿ ಚೊಕೊ’ ಎನ್ನುತ್ತಾರೆ. ನಮ್ಮ ಬೆಟ್ಟದ ಗಿರಿಗೂ ಇದಕ್ಕೂ ಯಾವ ನಂಟೂ ಇಲ್ಲ. ನಿಘಂಟು ನೋಡಿದರೆ ‘ಕರ್ತವ್ಯ’, ‘ಹೊಣೆ’ ಎಂದಿದೆ. ಆದರೆ ‘ಕರ್ತವ್ಯದ ಚಾಕೊಲೇಟು’ ಎಂದು ಊರಿಗೆ ಬರೆದಾಗ ಅಮ್ಮನಿಗೆ ಏನೂ ಅರ್ಥವಾಗಲಿಲ್ಲ. ನಾನು ಕಂಡದ್ದು ಕರ್ತವ್ಯಕ್ಕಿಂತ ಬೇರೆ ಏನೋ ಆಗಿತ್ತು. ಈ ಪದ್ಧತಿ ಹೇಗೆ ಹುಟ್ಟಿತು, ಅದಕ್ಕೆ ಒಪ್ಪುವ ಕನ್ನಡ ಪದ ಯಾವುದು, ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಹಳೆಯ ಕಡತ (ಮೈಸೂರು)

ತುಂಗಾತೀರ ಅವರೇ, ಪ್ರಶ್ನೆಯನ್ನು ಬಹಳ ಚೆನ್ನಾಗಿ ಕೇಳಿದ್ದೀರಿ. ಮೂವತ್ತು ವರ್ಷ ಜಪಾನಿ ಭಾಷೆಯ ಕಾಗದಪತ್ರಗಳನ್ನು ಅನುವಾದಿಸಿ ನಿವೃತ್ತನಾದವನು ನಾನು. ‘ಗಿರಿ’ ಎಂಬ ಪದ ಬಂದಾಗಲೆಲ್ಲ ನನ್ನ ಲೇಖನಿ ನಿಲ್ಲುತ್ತಿತ್ತು. ಕೊನೆಗೆ ನಾನು ಒಪ್ಪಿಕೊಂಡ ಪದ ‘ದಾಕ್ಷಿಣ್ಯ’. ಮನಸ್ಸು ಇರಲಿ ಬಿಡಲಿ, ಎದುರಿನವರ ಮುಖ ನೋಡಿ, ಹಿಂದಿನ ಉಪಕಾರ ನೆನೆದು ಮಾಡುವ ನಡೆ ಅದು. ಮನಸ್ಸಿನಿಂದ ತಾನಾಗಿ ಉಕ್ಕುವ ಅಕ್ಕರೆಗೆ ಜಪಾನೀಯರು ‘ನಿನ್‌ಜೋ’ ಎನ್ನುತ್ತಾರೆ. ಗಿರಿ ಮತ್ತು ನಿನ್‌ಜೋ ಎರಡೂ ಒಬ್ಬನೇ ಮನುಷ್ಯನನ್ನು ಎರಡು ಕಡೆಗೆ ಎಳೆಯುವುದೇ ಅವರ ಹಳೆಯ ರಂಗನಾಟಕಗಳ ಮುಖ್ಯ ವಸ್ತು. ಪ್ರೀತಿಸಿದವನಿಗೆಂದು ಪ್ರತ್ಯೇಕವಾಗಿ ಕೊಡುವ ಚಾಕೊಲೇಟಿಗೆ ‘ಹೊನ್ಮೇಯ್ ಚೊಕೊ’ ಎಂಬ ಬೇರೆಯೇ ಹೆಸರಿರುವುದು ಇದೇ ಕಾರಣಕ್ಕೆ.

ಇನ್ನು ಇತಿಹಾಸ. ಜಪಾನಿನ ದಾಖಲೆಗಳಲ್ಲಿ ಚಾಕೊಲೇಟು ಮೊದಲು ಕಾಣಿಸುವುದು 1797ರಲ್ಲಿ, ನಾಗಸಾಕಿಯ ಗಣಿಕೆಯರ ಬೀದಿಯ ಒಂದು ಕಡತದಲ್ಲಿ. ಡಚ್ಚರಿಂದ ಒಬ್ಬ ಗಣಿಕೆಗೆ ದೊರೆತ ವಸ್ತುಗಳ ಪಟ್ಟಿಯಲ್ಲಿ ‘ಶೊಕುರಾಅತೊ, ಆರು’ ಎಂದು ಬರೆದಿದೆ. ಆ ನೆಲದಲ್ಲಿ ಚಾಕೊಲೇಟಿನ ಮೊದಲ ಉಲ್ಲೇಖವೇ ಉಡುಗೊರೆಯ ಪಟ್ಟಿಯೊಂದರಲ್ಲಿ ಬಂದಿರುವುದು ನನಗೆ ಬಹಳ ಪ್ರಿಯವಾದ ಸಂಗತಿ. 1878ರಲ್ಲಿ ಟೋಕಿಯೊದ ಫೂಗೆತ್ಸುದೋ ಅಂಗಡಿಯವರು ಪತ್ರಿಕೆಯಲ್ಲಿ ಚಾಕೊಲೇಟಿನ ಜಾಹೀರಾತು ಕೊಟ್ಟರು. ಕೋಕೋ ಬೀಜದಿಂದಲೇ ತೊಡಗಿ ದೊಡ್ಡ ಪ್ರಮಾಣದಲ್ಲಿ ತಯಾರಿಸುವ ಕೆಲಸವನ್ನು ಮೊರಿನಾಗ ಸಂಸ್ಥೆ 1918ರಲ್ಲಿ ಆರಂಭಿಸಿತು. ಮೇಯ್ಜಿಯವರ ಹಾಲಿನ ಚಾಕೊಲೇಟು 1926ರಲ್ಲಿ ಬಂತು.

ಪ್ರೇಮಿಗಳ ದಿನಕ್ಕೂ ಚಾಕೊಲೇಟಿಗೂ ಗಂಟು ಹಾಕಿದ್ದು ಕೋಬೆ ಪಟ್ಟಣದ ಮೊರೊಜೊಫ್ ಸಂಸ್ಥೆ. ರಷ್ಯಾದಿಂದ ವಲಸೆ ಬಂದ ಕುಟುಂಬವೊಂದರ ಹೆಸರು ಹೊತ್ತ ಈ ಸಂಸ್ಥೆ 1936ರ ಫೆಬ್ರವರಿಯಲ್ಲಿ, ಜಪಾನಿನಲ್ಲಿದ್ದ ವಿದೇಶೀಯರು ಓದುತ್ತಿದ್ದ ಆಂಗ್ಲ ಪತ್ರಿಕೆಯಲ್ಲಿ, ಆ ದಿನಕ್ಕೆ ಚಾಕೊಲೇಟು ಕೊಡಿರೆಂದು ಪ್ರಕಟಣೆ ಹಾಕಿತು. ಆಮೇಲೆ ಯುದ್ಧ ಬಂತು, ಕೋಕೋ ಬೀಜದ ಆಮದೇ ನಿಂತುಹೋಯಿತು. ಯುದ್ಧ ಮುಗಿದು ಅಮೆರಿಕದ ಸೈನಿಕರು ಬೀಡುಬಿಟ್ಟ ವರ್ಷಗಳಲ್ಲಿ, ಅವರ ಜೀಪುಗಳ ಹಿಂದೆ ಓಡಿ ಚಾಕೊಲೇಟು ಬೇಡಿದ ಮಕ್ಕಳು ದೊಡ್ಡವರಾದ ಮೇಲೂ ಆ ರುಚಿಯನ್ನು ಮರೆಯಲಿಲ್ಲ.

1958ರಲ್ಲಿ ಮೇರಿ ಚಾಕೊಲೇಟ್ ಎಂಬ ಸಂಸ್ಥೆ ಟೋಕಿಯೊದ ಶಿಂಜುಕುವಿನ ಇಸೆತಾನ್ ಮಳಿಗೆಯಲ್ಲಿ ಪ್ರೇಮಿಗಳ ದಿನದ ಮಾರಾಟವಿಟ್ಟಿತು. ಒಟ್ಟು ವ್ಯಾಪಾರ 170 ಯೆನ್ ಎಂದು ಅವರೇ ಹೇಳಿಕೊಳ್ಳುತ್ತಾರೆ. ಎದೆಗುಂದದೆ ಮರುವರ್ಷ ಹೃದಯದ ಆಕಾರದ ಚಾಕೊಲೇಟು ಮಾಡಿ, ಅದರ ಮೇಲೆ ಹೆಸರು ಕೊರೆದುಕೊಡುವ ವ್ಯವಸ್ಥೆ ಮಾಡಿದರು. ಹೆಣ್ಣು ಗಂಡಿಗೆ ಕೊಡುವ ದಿನ ಇದು ಎಂಬ ಮಾತನ್ನೂ ಸೇರಿಸಿದರು. ಮಳಿಗೆಗಳಿಗೆ ಬರುವ ಗಿರಾಕಿಗಳಲ್ಲಿ ಹೆಂಗಸರೇ ಹೆಚ್ಚು. ಫೆಬ್ರವರಿ ಮತ್ತು ಆಗಸ್ಟ್ ವ್ಯಾಪಾರಕ್ಕೆ ಮಂದ ತಿಂಗಳುಗಳು, ಅದಕ್ಕೆ ‘ನಿಪ್ಪಾಚಿ’ ಎಂಬ ಪದವನ್ನೇ ಅಲ್ಲಿನ ವರ್ತಕರು ಬಳಸುತ್ತಾರೆ. ಆ ಕಾಲದಲ್ಲಿ ಹೆಣ್ಣುಮಗಳೊಬ್ಬಳು ತಾನಾಗಿ ಮನಸ್ಸು ತಿಳಿಸಲು ಒಂದು ದಿನದ ಒಪ್ಪಿಗೆ ದೊರೆತದ್ದು ಸಣ್ಣ ಮಾತಲ್ಲ. ವರ್ತಕರು ಬಾಗಿಲು ತೆರೆದರು, ಆದರೆ ಅದರೊಳಗೆ ನಡೆದವರು ಹೆಂಗಸರೇ.

ಕಬ್ಬಿನ ಗದ್ದೆ (ಮಂಡ್ಯ)

ಹಿರಿಯರ ವಿವರಣೆಗೆ ವಂದನೆಗಳು. ಆದರೆ ‘ದಾಕ್ಷಿಣ್ಯ’ ಅರ್ಧವನ್ನು ಮಾತ್ರ ಹೇಳುತ್ತದೆ ಎಂದು ನನಗನ್ನಿಸುತ್ತದೆ. ನಾನು ನಾಲ್ಕು ವರ್ಷ ಫುಕುವೊಕಾದಲ್ಲಿದ್ದೆ. ಕೊಡುವುದಕ್ಕಿಂತ ಹಿಂದಿರುಗಿಸುವುದರಲ್ಲೇ ಅಲ್ಲಿನವರ ಎಚ್ಚರವೆಲ್ಲ ಇರುತ್ತದೆ. ಅದಕ್ಕೆ ‘ಓಕಾಏಶಿ’ ಎನ್ನುತ್ತಾರೆ. ಈ ಪದಕ್ಕೆ ಕನ್ನಡದಲ್ಲಿ ಹುಡುಕಬೇಕಾದ ಅಗತ್ಯವೇ ಇಲ್ಲ. ಅದು ನಮ್ಮ ‘ಮುಯ್ಯಿ’.

ನಮ್ಮ ಊರಿನ ಮದುವೆಗಳಲ್ಲಿ ಚಪ್ಪರದ ಮೂಲೆಯಲ್ಲಿ ಒಬ್ಬರು ಪುಸ್ತಕ ಹಿಡಿದು ಕೂತು, ಯಾರು ಎಷ್ಟು ಮುಯ್ಯಿ ಮಾಡಿದರೆಂದು ಬರೆದುಕೊಳ್ಳುವುದನ್ನು ಕಂಡವರಿಗೆ ಇದು ತಟ್ಟನೆ ತಿಳಿಯುತ್ತದೆ. ಅವರ ಮನೆಯಲ್ಲಿ ಕಾರ್ಯವಾದಾಗ ನಮ್ಮಜ್ಜಿ ಆ ಪುಸ್ತಕ ತೆಗೆಸಿ ನೋಡಿ, ಬಂದದ್ದಕ್ಕಿಂತ ಸ್ವಲ್ಪ ಹೆಚ್ಚೇ ಕಳುಹಿಸುತ್ತಿದ್ದರು. ಜಪಾನಿನಲ್ಲೂ ಸಾವಿನ ಮನೆಗೆ ಬಂದವರು ಲಕೋಟೆಯಲ್ಲಿಟ್ಟು ಕೊಡುವ ಹಣವನ್ನು ಪುಸ್ತಕದಲ್ಲಿ ಬರೆದಿಟ್ಟು, ಅದರ ಅರ್ಧದಷ್ಟು ಬೆಲೆಯ ವಸ್ತುವನ್ನು ಆಮೇಲೆ ಹಿಂದಿರುಗಿಸುತ್ತಾರೆ. ಕೊಡುಗೆ ಮುಟ್ಟಿತು, ನೆನಪಿದೆ, ನಂಟು ಉಳಿದಿದೆ ಎಂದು ತಿಳಿಸುವ ಬಗೆ ಅದು.

ಮಾರ್ಚ್ 14ರ ‘ವೈಟ್ ಡೇ’ ಹುಟ್ಟಿದ ಕಥೆಯಲ್ಲಿ ಫುಕುವೊಕಾಕ್ಕೆ ದೊಡ್ಡ ಪಾಲಿದೆ. ಅಲ್ಲಿನ ಇಶಿಮುರಾ ಮನ್‌ಸೇಯ್‌ದೋ ಎಂಬ ಹಳೆಯ ಮಿಠಾಯಿ ಅಂಗಡಿಯ ಯಜಮಾನರು, ಗಂಡಸರು ಚಾಕೊಲೇಟು ಪಡೆದು ಏನನ್ನೂ ಹಿಂದಿರುಗಿಸುವುದಿಲ್ಲ, ಒಂದು ಮಾರ್ಷ್‌ಮ್ಯಾಲೋ ಆದರೂ ಕೊಡಬಾರದೇ ಎಂದು ಓದುಗಿಯೊಬ್ಬಳು ಮಹಿಳಾ ಪತ್ರಿಕೆಗೆ ಬರೆದದ್ದನ್ನು ಓದಿ, 1970ರ ದಶಕದ ಕೊನೆಯಲ್ಲಿ, ಒಳಗೆ ಚಾಕೊಲೇಟು ತುಂಬಿದ ಮಾರ್ಷ್‌ಮ್ಯಾಲೋ ಮಾಡಿ ‘ಮಾರ್ಷ್‌ಮ್ಯಾಲೋ ದಿನ’ ಎಂದು ಸಾರಿದರಂತೆ. ನೀನು ಕೊಟ್ಟ ಚಾಕೊಲೇಟನ್ನು ನನ್ನ ಮೃದುತನದಲ್ಲಿ ಸುತ್ತಿ ಹಿಂದಿರುಗಿಸುತ್ತಿದ್ದೇನೆ ಎಂಬುದು ಅದರ ಭಾವ. ಇಡೀ ದೇಶದ ಮಿಠಾಯಿ ತಯಾರಕರ ಒಕ್ಕೂಟ 1980ರಿಂದ ಇದನ್ನು ವೈಟ್ ಡೇ ಎಂದು ನಡೆಸಿತು. ಅಲ್ಲಿಂದ ಕೊರಿಯಾ, ತೈವಾನ್‌ಗಳಿಗೂ ಹಬ್ಬಿತು.

ಸಸ್ಯಾಹಾರಿಗಳಿಗೆ ಒಂದು ಸೂಚನೆ: ಮಾರ್ಷ್‌ಮ್ಯಾಲೋದಲ್ಲಿ ಪ್ರಾಣಿಮೂಲದ ಜೆಲಾಟಿನ್ ಇರುತ್ತದೆ. ನನಗೆ ಬಂದದ್ದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಧನ್ಯವಾದ ಹೇಳಿ, ಪಕ್ಕದ ಮನೆಯ ಮಕ್ಕಳಿಗೆ ಕೊಟ್ಟೆ.

ನೇರ ಮಾತು (ಬೆಂಗಳೂರು)

ಇಲ್ಲಿ ಎಲ್ಲರೂ ಈ ಪದ್ಧತಿಯ ಸೊಬಗನ್ನೇ ಕಾಣುತ್ತಿದ್ದೀರಿ. ನಾನು ಅದರ ಭಾರವನ್ನೂ ಹೇಳಬೇಕು. ಟೋಕಿಯೊದ ಕಚೇರಿಯೊಂದರಲ್ಲಿ ಐದು ವರ್ಷ ಇದ್ದೆ. ಪಟ್ಟಿ ಮಾಡುವವಳು, ಹಣ ಕೂಡಿಸುವವಳು, ಊಟದ ಬಿಡುವಿನಲ್ಲಿ ಮಳಿಗೆಗೆ ಓಡಿ ಸರದಿಯಲ್ಲಿ ನಿಲ್ಲುವವಳು, ರಜೆಯಲ್ಲಿದ್ದವರ ಪಾಲನ್ನು ಎತ್ತಿಟ್ಟು ಮರುದಿನ ಕೊಡುವವಳು, ಎಲ್ಲರೂ ಹೆಂಗಸರು. ಹೊಸದಾಗಿ ಸೇರಿ ಕಡಿಮೆ ಸಂಬಳ ಪಡೆಯುವ ಹುಡುಗಿ ತನಗಿಂತ ಮೂರು ಪಟ್ಟು ಸಂಬಳದ ಅಧಿಕಾರಿಗೆ ಕೊಡಲು ಕೈಯಿಂದ ಹಣ ಹಾಕುವಾಗ, ಅವಳ ಮುಖವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಯಾರೂ ಬಲವಂತ ಮಾಡುವುದಿಲ್ಲ ಎನ್ನುವುದು ನಿಜ. ಆದರೆ ಲಕೋಟೆ ಮೇಜಿಗೆ ಬಂದಾಗ ಬೇಡ ಎನ್ನುವ ಧೈರ್ಯ ಯಾರಿಗಿದೆ? ದಾಕ್ಷಿಣ್ಯ ಎಂಬ ಪದ ನಿಜಕ್ಕೂ ಒಪ್ಪುತ್ತದೆ, ಏಕೆಂದರೆ ‘ದಾಕ್ಷಿಣ್ಯಕ್ಕೆ ಬಸಿರಾದಂತೆ’ ಎಂಬ ಗಾದೆ ನಮ್ಮಲ್ಲೇ ಇದೆ.

ಇದು ಹೊರಗಿನವಳ ದೂರು ಮಾತ್ರವಲ್ಲ. 2018ರ ಫೆಬ್ರವರಿ 1ರಂದು ಗೊಡೈವಾ ಸಂಸ್ಥೆಯ ಜಪಾನ್ ಶಾಖೆ ನಿಹೊನ್ ಕೇಯ್ಜಾಯ್ ಪತ್ರಿಕೆಯಲ್ಲಿ ಇಡೀ ಪುಟದ ಜಾಹೀರಾತು ಹಾಕಿ, ಜಪಾನ್ ಗಿರಿ ಚೊಕೊವನ್ನು ನಿಲ್ಲಿಸಲಿ ಎಂದಿತು. ಈ ದಿನ ಬಾರದಿದ್ದರೆ ಸಾಕೆನ್ನುವ ಹೆಂಗಸರಿದ್ದಾರೆ, ಆದ್ದರಿಂದ ಸಂಸ್ಥೆಗಳ ಮುಖ್ಯಸ್ಥರೇ ‘ಕಷ್ಟಪಡಬೇಡಿ’ ಎಂದು ಹೇಳಬೇಕು ಎಂಬುದು ಅದರ ಸಾರ. ಚಾಕೊಲೇಟು ಮಾರುವವರೇ ಈ ಮಾತು ಹೇಳಿದ್ದರಿಂದ ದೇಶದಲ್ಲೆಲ್ಲ ಚರ್ಚೆಯಾಯಿತು. ಇನ್ನೊಂದು ತುದಿಯಲ್ಲಿ, ಬ್ಲ್ಯಾಕ್ ಥಂಡರ್ ಎಂಬ ಅಗ್ಗದ ಚಾಕೊಲೇಟಿನ ತಯಾರಕರು ‘ನೋಡಿದೊಡನೆ ಗಿರಿ ಎಂದು ತಿಳಿಯುವ ಚಾಕೊಲೇಟು’ ಎಂದೇ ಪ್ರಚಾರ ಮಾಡಿದ್ದರು. ಅದರಲ್ಲಿ ಒಂದು ದಯೆ ಇದೆ ಎಂದು ನನಗನ್ನಿಸುತ್ತದೆ: ಕೊಟ್ಟವಳ ಮನಸ್ಸನ್ನು ಯಾರೂ ತಪ್ಪು ತಿಳಿಯುವುದಿಲ್ಲ, ಪಡೆದವನಿಗೂ ಹಿಂದಿರುಗಿಸುವ ಚಿಂತೆ ಇರುವುದಿಲ್ಲ.

ಹಳೆಯ ಕಡತ (ಮೈಸೂರು)

ನೇರ ಮಾತು ಅವರೇ, ತಮ್ಮ ಮಾತನ್ನು ಒಪ್ಪಿದೆ. ಲಕೋಟೆ ಹೆಂಗಸರ ಮೇಜುಗಳ ಬಳಿ ಮಾತ್ರ ಬಂತು ಎಂದು ಮೊದಲ ಬರಹದಲ್ಲೇ ಇತ್ತು. ನಾನು ಅದನ್ನು ಗಮನಿಸದೆ ಪದದ ಹಿಂದೆ ಹೋದೆ. ಕಬ್ಬಿನ ಗದ್ದೆಯವರ ‘ಮುಯ್ಯಿ’ ನನ್ನ ಪದಕ್ಕಿಂತ ಮೇಲು ಎಂಬುದನ್ನೂ ಒಪ್ಪುತ್ತೇನೆ. ಒಂದನ್ನು ಮಾತ್ರ ಸೇರಿಸುತ್ತೇನೆ. ಮುಯ್ಯಿಯಲ್ಲಿ ಇಂದು ಕೊಟ್ಟವರು ನಾಳೆ ಪಡೆಯುತ್ತಾರೆ, ಮೊದಲು ಕೊಡುವ ಸರದಿ ಬದಲಾಗುತ್ತಿರುತ್ತದೆ. ಗಿರಿ ಚೊಕೊದಲ್ಲಿ ಮೊದಲು ಕೊಡುವವಳು ಪ್ರತಿ ವರ್ಷವೂ ಹೆಣ್ಣೇ. 2009ರಲ್ಲಿ ಮೊರಿನಾಗದವರು ಗಂಡಸರು ಕೊಡುವ ‘ಗ್ಯಾಕು ಚೊಕೊ’, ಅಂದರೆ ತಿರುವುಮುರುವು ಚಾಕೊಲೇಟು, ಎಂದು ಹೊದಿಕೆಯ ಅಕ್ಷರಗಳನ್ನೇ ಕನ್ನಡಿಯಲ್ಲಿ ಕಂಡಂತೆ ಅಚ್ಚು ಮಾಡಿಸಿದರು; ಅದು ಹೆಚ್ಚು ಬೇರೂರಲಿಲ್ಲ.

ಅಡುಗೆಮನೆ ಕಿಟಕಿ (ಸೈತಾಮಾ)

ಕಚೇರಿಯ ಮಾತು ನೀವು ಆಡಿದಿರಿ. ಮನೆಯ ಮಾತು ನಾನು ಹೇಳುತ್ತೇನೆ. ಈಗ ಹೆಣ್ಣುಮಕ್ಕಳ ನಡುವೆ ಹೆಚ್ಚು ಓಡಾಡುವುದು ‘ತೊಮೊ ಚೊಕೊ’, ಗೆಳತಿಯರ ಚಾಕೊಲೇಟು. ಐದನೆಯ ತರಗತಿಯ ನನ್ನ ಮಗಳು ಫೆಬ್ರವರಿ 13ರ ರಾತ್ರಿ ಅಡುಗೆಮನೆಯನ್ನು ನನಗೆ ಬಿಟ್ಟುಕೊಡುವುದೇ ಇಲ್ಲ. ಶಾಲೆಗೆ ತಿಂಡಿ ತರಬಾರದೆಂಬ ನಿಯಮವಿರುವುದರಿಂದ, ಶಾಲೆ ಬಿಟ್ಟು ಮನೆಗೆ ಬಂದು ಪುಸ್ತಕದ ಚೀಲವಿಟ್ಟ ಮೇಲೆ ಮಕ್ಕಳೆಲ್ಲ ಪಕ್ಕದ ಉದ್ಯಾನದಲ್ಲಿ ಸೇರಿ ಪೊಟ್ಟಣ ಬದಲಾಯಿಸಿಕೊಳ್ಳುತ್ತಾರೆ.

ಅವಳು ಮಾಡುವುದು ‘ನಾಮಾ ಚೊಕೊ’. ‘ನಾಮಾ’ ಎಂದರೆ ಹಸಿ, ತಾಜಾ. ಕನಗಾವಾ ಪ್ರಾಂತ್ಯದ ಸಿಲ್ಸ್ ಮಾರಿಯಾ ಎಂಬ ಅಂಗಡಿಯಲ್ಲಿ 1988ರಲ್ಲಿ ಹುಟ್ಟಿದ ಬಗೆ ಇದು. ಮುಂದೆ ಸಪ್ಪೊರೊದ ರಾಯ್ಸ್ ಸಂಸ್ಥೆ ಇದನ್ನು ಎಲ್ಲೆಡೆ ಪ್ರಸಿದ್ಧಗೊಳಿಸಿತು. ಅಚ್ಚಿನಲ್ಲಿ ಹುಯ್ಯುವ ಚಾಕೊಲೇಟು ಹೊಳೆಯಬೇಕಾದರೆ ಅದನ್ನು ಕರಗಿಸಿ, ಆರಿಸಿ, ಮತ್ತೆ ತುಸು ಬಿಸಿ ಮಾಡುವ ಹದ ತಿಳಿದಿರಬೇಕು. ಒಂದೆರಡು ಡಿಗ್ರಿ ಆಚೀಚೆಯಾದರೂ ಮೇಲೆ ಬಿಳಿ ಬೂಷ್ಟು ಹಿಡಿದಂತೆ ಕಾಣುತ್ತದೆ. ನಾಮಾ ಚೊಕೊಗೆ ಆ ಕಷ್ಟವಿಲ್ಲ. 200 ಗ್ರಾಂ ಚಾಕೊಲೇಟನ್ನು ಚಾಕುವಿನಿಂದ ಸಣ್ಣಗೆ ಕೊಚ್ಚಬೇಕು. 100 ಮಿಲಿಲೀಟರ್ ಕೆನೆಯನ್ನು ಅಂಚಿನಲ್ಲಿ ಗುಳ್ಳೆ ಏಳುವವರೆಗೆ ಮಾತ್ರ ಕಾಯಿಸಿ ಅದರ ಮೇಲೆ ಸುರಿದು, ಒಂದು ನಿಮಿಷ ಮುಟ್ಟದೆ ಬಿಟ್ಟು, ಆಮೇಲೆ ನಡುವಿನಿಂದ ಹೊರಕ್ಕೆ ನಿಧಾನವಾಗಿ ಕಲಸಬೇಕು. ಬಟ್ಟಲಿನಲ್ಲಿ ನೀರಿನ ಪಸೆ ಇರಬಾರದು, ಒಂದು ಹನಿ ಬಿದ್ದರೂ ಚಾಕೊಲೇಟು ಗಂಟುಗಟ್ಟುತ್ತದೆ. ಕಾಗದ ಹಾಸಿದ ತಟ್ಟೆಯಲ್ಲಿ ಹರಡಿ ಫ್ರಿಜ್ಜಿನಲ್ಲಿಟ್ಟು, ಮೂರು ಗಂಟೆಯ ನಂತರ ಬಿಸಿನೀರಿನಲ್ಲಿ ಅದ್ದಿ ಒರೆಸಿದ ಚಾಕುವಿನಿಂದ ಕತ್ತರಿಸಿ, ಟೀ ಸೋಸುವ ಜರಡಿಯಿಂದ ಕೋಕೋ ಪುಡಿ ಉದುರಿಸಿದರೆ ಆಯಿತು. ಕೊಬ್ಬರಿ ಮಿಠಾಯಿ ಕತ್ತರಿಸಿದ ಕೈಗೆ ಇದು ಕಷ್ಟವಲ್ಲ.

ಕಳೆದ ವರ್ಷ ಹದಿಮೂರು ಗೆಳತಿಯರಿಗೆ ನಾಲ್ಕು ನಾಲ್ಕು ತುಂಡು ಲೆಕ್ಕ ಹಾಕಿ ಕತ್ತರಿಸಿದವಳು, ಕೊನೆಗೆ ಒಂದು ಪೊಟ್ಟಣಕ್ಕೆ ಮೂರೇ ಉಳಿದಾಗ ಅಳುಮುಖ ಮಾಡಿ ನಿಂತಳು. ಅಪ್ಪನಿಗೆಂದು ಬೇರೆ ಇಟ್ಟಿದ್ದ ಎರಡರಲ್ಲಿ ಒಂದನ್ನು ಅಲ್ಲಿಗೆ ಹಾಕಿ ಸರಿಮಾಡಿದೆವು. ಒಬ್ಬರಿಗೆ ಕಡಿಮೆಯಾಗಬಾರದೆಂಬ ಆ ಆತಂಕವನ್ನು ಕಂಡಾಗ, ತುಂಗಾತೀರ ಅವರು ಬರೆದ ಒಂದೇ ಗಾತ್ರದ ಹದಿನಾರು ಪೊಟ್ಟಣಗಳು ಕಣ್ಣ ಮುಂದೆ ಬಂದವು.

ಅಂಗಡಿಯಲ್ಲಿ ಕೊಳ್ಳುವವರು ಒಂದು ಎಚ್ಚರ ವಹಿಸಿ. ಲೊತ್ತೆಯವರ ರಮ್ಮಿ, ಬ್ಯಾಕಸ್ ಮೊದಲಾದ ಚಳಿಗಾಲದ ಚಾಕೊಲೇಟುಗಳಲ್ಲಿ ನಿಜವಾದ ಮದ್ಯವಿರುತ್ತದೆ. ಹೊದಿಕೆಯ ಹಿಂಭಾಗ ಓದದೆ ಮಕ್ಕಳ ಕೈಗೆ ಕೊಡಬೇಡಿ.

ಕೋಕೋ ನೆರಳು (ಪುತ್ತೂರು)

ನಮ್ಮದು ಅಡಿಕೆ ತೋಟ, ನಡುವೆ ಕೋಕೋ ಗಿಡಗಳಿವೆ. ಹಸಿ ಬೀಜವನ್ನು ಕ್ಯಾಂಪ್ಕೊಗೆ ಕೊಡುತ್ತೇವೆ. 1986ರಿಂದ ನಮ್ಮೂರಿನಲ್ಲೇ ಅವರ ಚಾಕೊಲೇಟು ಕಾರ್ಖಾನೆ ನಡೆಯುತ್ತಿದೆ. ಜಪಾನಿಗೆ ಬೀಜ ಎಲ್ಲಿಂದ ಹೋಗುತ್ತದೆ ಎಂದು ತಿಳಿದವರು ಹೇಳಬಹುದೇ?

ಹಳೆಯ ಕಡತ (ಮೈಸೂರು)

ಬಹುಪಾಲು ಪಶ್ಚಿಮ ಆಫ್ರಿಕದ ಘಾನಾದಿಂದ. 1964ರಲ್ಲಿ ಲೊತ್ತೆಯವರು ತಮ್ಮ ಹಾಲಿನ ಚಾಕೊಲೇಟಿಗೆ ‘ಘಾನಾ’ ಎಂದೇ ಹೆಸರಿಟ್ಟರು. ಕೆಂಪು ಹೊದಿಕೆಯ ಆ ಚಾಕೊಲೇಟು ಇಂದಿಗೂ ಅಲ್ಲಿನ ಎಲ್ಲ ಅಂಗಡಿಗಳಲ್ಲಿ ಸಿಗುತ್ತದೆ. ಬೀಜ ಬೆಳೆದ ನಾಡಿನ ಹೆಸರನ್ನು ಹೊದಿಕೆಯ ಮೇಲೆ ಅಷ್ಟು ದೊಡ್ಡದಾಗಿ ಬರೆದಿರುವುದು ಬೆಳೆಗಾರರಾದ ತಮಗೆ ಸಂತೋಷ ಕೊಡಬಹುದು.

ದಕ್ಷಿಣದ ದ್ವೀಪ (ಕುಮಾಮೊತೊ)

ವಿದ್ಯಾರ್ಥಿಯಾಗಿ ಒಂದು ಮಾತು ಸೇರಿಸಲು ಅನುಮತಿ ಕೊಡಿ. ಫೆಬ್ರವರಿ ಇಲ್ಲಿ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯ ತಿಂಗಳೂ ಹೌದು. ನಮ್ಮ ಕ್ಯೂಶೂ ಕಡೆಯ ಆಡುಮಾತಿನಲ್ಲಿ ‘ಕಿತ್ತೊ ಕಾತ್ಸು ತೊ’ ಎಂದರೆ ‘ಖಂಡಿತ ಗೆಲ್ಲುತ್ತೀಯ’ ಎಂದರ್ಥ. ಕಿಟ್‌ಕ್ಯಾಟ್ ಎಂಬ ಹೆಸರನ್ನು ಜಪಾನಿ ನಾಲಿಗೆ ‘ಕಿತ್ತೊ ಕಾತ್ತೊ’ ಎನ್ನುವುದರಿಂದ, ಪರೀಕ್ಷೆಗೆ ಹೊರಟವರಿಗೆ ಅದನ್ನು ಕೊಡುವ ವಾಡಿಕೆ ಬೆಳೆಯಿತು. ತಯಾರಕರು 2009ರಲ್ಲಿ ಅಂಚೆ ಸಂಸ್ಥೆಯೊಂದಿಗೆ ಸೇರಿ, ಹೊದಿಕೆಯ ಮೇಲೆ ವಿಳಾಸ ಬರೆದು ಹಾಗೆಯೇ ಅಂಚೆಗೆ ಹಾಕಬಹುದಾದ ಪೊಟ್ಟಣವನ್ನೂ ತಂದರು. ನನ್ನ ಪ್ರವೇಶ ಪರೀಕ್ಷೆಯ ಬೆಳಿಗ್ಗೆ ವಸತಿಗೃಹದ ಅಡುಗೆಯ ಅಜ್ಜಿ ಒಂದನ್ನು ನನ್ನ ಕೋಟಿನ ಜೇಬಿಗೆ ಹಾಕಿ, ಜೇಬಿನ ಮೇಲೆ ಎರಡು ಸಲ ತಟ್ಟಿ ಕಳುಹಿಸಿದ್ದರು. ಮಧ್ಯಾಹ್ನದ ಬಿಡುವಿನಲ್ಲಿ ತೆಗೆದು ನೋಡಿದರೆ, ಹಿಂಭಾಗದಲ್ಲಿ ಮಾತು ಬರೆಯಲೆಂದು ಬಿಟ್ಟ ಜಾಗದಲ್ಲಿ ನನ್ನ ಹೆಸರನ್ನು ಅವರ ಲಿಪಿಯಲ್ಲಿ ಕಷ್ಟಪಟ್ಟು ಕೂಡಿಸಿ ಬರೆದಿದ್ದರು. ಇದು ಗಿರಿಯೋ ಅಕ್ಕರೆಯೋ ಎಂದು ನನಗೆ ಬೇರ್ಪಡಿಸಲು ಬರುವುದಿಲ್ಲ.

ತುಂಗಾತೀರ (ನಗೋಯಾ)

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ‘ಮುಯ್ಯಿ’ ಎಂಬ ಪದವನ್ನು ದೂರವಾಣಿಯಲ್ಲಿ ಹೇಳಿದೊಡನೆ ಅಮ್ಮ, ‘ಅಷ್ಟೇನಾ, ಅದನ್ನು ಮೊದಲೇ ಹೇಳಬಾರದಿತ್ತೇ’ ಎಂದರು. ನೇರ ಮಾತು ಅವರಿಗೆ ಒಂದು ಸಮಾಚಾರ: ನಮ್ಮ ವಿಭಾಗದಲ್ಲಿ ಲಕೋಟೆ ನಿಂತು ಮೂರು ವರ್ಷವಾಯಿತು. ನಿಲ್ಲಿಸಿದವರು ಮುಖ್ಯಸ್ಥರಲ್ಲ, ಆ ಹಿರಿಯ ಮಹಿಳೆಯೇ. ನಿವೃತ್ತಿಗೆ ಮುಂಚಿನ ಫೆಬ್ರವರಿಯಲ್ಲಿ, ಮುಂದಿನವರ ಮೇಲೆ ಈ ಹೊರೆ ಬಿಟ್ಟುಹೋಗಲಾರೆ ಎಂದು ಎಲ್ಲರಿಗೂ ತಿಳಿಸಿದರು. ಈ ಬಾರಿ ಅವರೂ ನಾನೂ ನಗೋಯಾ ನಿಲ್ದಾಣದ ತಕಾಶಿಮಾಯಾ ಮಳಿಗೆಯ ಚಾಕೊಲೇಟು ಮೇಳಕ್ಕೆ ಹೋಗಿ, ಒಂದು ಗಂಟೆ ಸರದಿಯಲ್ಲಿ ನಿಂತು, ನಮಗೆಂದೇ ಒಂದೊಂದು ಪೆಟ್ಟಿಗೆ ಕೊಂಡೆವು. ಇದಕ್ಕೂ ಹೆಸರಿದೆ, ‘ಜಿಬುನ್ ಚೊಕೊ’, ತನಗೆ ತಾನೇ ಕೊಟ್ಟುಕೊಳ್ಳುವುದು. ಸರದಿಯಲ್ಲಿದ್ದ ಬಹುತೇಕ ಹೆಂಗಸರು ಅದಕ್ಕೇ ಬಂದಂತಿತ್ತು.

ಅಡುಗೆಮನೆ ಕಿಟಕಿಯವರ ಅಳತೆಯಲ್ಲಿ ನಾಮಾ ಚೊಕೊ ಮಾಡಿ ನೋಡಿದೆ, ಹದವಾಗಿ ಬಂತು. ಒಂಟಿಯಾಗಿರುವ ಪಕ್ಕದ ಮನೆಯ ಅಜ್ಜಿಗೆ ಸ್ಟೀಲ್ ಡಬ್ಬಿಯಲ್ಲಿ ಎಂಟು ತುಂಡು ಕೊಟ್ಟೆ. ಅವರು ಡಬ್ಬಿಯನ್ನು ತೆರೆಯದೆ, ಮೊದಲು ಗೋಡೆಯ ಬದಿಯ ಪುಟ್ಟ ದೇವರಗೂಡಿನಲ್ಲಿ ಗತಿಸಿದ ಗಂಡನ ಚಿತ್ರದ ಮುಂದಿಟ್ಟು, ಕಂಚಿನ ಬಟ್ಟಲನ್ನು ಒಂದು ಸಲ ತಟ್ಟಿ, ಆ ನಾದ ಆರುವವರೆಗೆ ಕೈಮುಗಿದು ಕುಳಿತಿದ್ದರು. ಮರುದಿನ ತೊಳೆದ ಡಬ್ಬಿ ಹಿಂದಿರುಗಿತು, ಒಳಗೆ ಎರಡು ಸಣ್ಣ ಕಿತ್ತಳೆ. ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದಂತೆ. ಒಳಗೆ ಇಟ್ಟು ಕೊಡುವ ಆ ಚೂರಿಗೆ ‘ಒಉತ್ಸುರಿ’ ಎನ್ನುತ್ತಾರೆಂದು ಅವರು ಹೇಳಿಕೊಟ್ಟರು. ನಮ್ಮ ಮನೆಯಲ್ಲೂ ಪಕ್ಕದವರ ಪಾತ್ರೆ ಕೊಡುವಾಗ ಒಂದು ಚಿಟಿಕೆ ಸಕ್ಕರೆಯನ್ನೋ ಒಂದು ಚೂರು ಬೆಲ್ಲವನ್ನೋ ಹಾಕದೆ ಕೊಟ್ಟದ್ದಿಲ್ಲ. ಆ ಸಕ್ಕರೆಗೆ, ಆ ಬೆಲ್ಲದ ಚೂರಿಗೆ ನಿಮ್ಮ ಕಡೆ ಪ್ರತ್ಯೇಕ ಹೆಸರೇನಾದರೂ ಇದೆಯೇ? ಇದ್ದರೆ ಬರೆಯಿರಿ, ಅಜ್ಜಿಗೆ ಹೇಳಬೇಕು.